ಬಾರದೇ ಇರುವವರ ಪಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಅಕ್ಕನ ಮನೆಯ ಬಾಗಿಲು ತಟ್ಟಲಿಲ್ಲ. ಸಯನ್‌ನ ನನ್ನ ಹೋಟೆಲಿನಿಂದ ಆಂಟಾಪ್ ಹಿಲ್‌ನ ಅವಳ ಬಿಲ್ಡಿಂಗಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತು ಬೇಡ. ಅಷ್ಟು ದೂರ ಹೋಗುವ ಬದಲು ಒಂದು ಬಟನ್ ಒತ್ತಿದೆ.

ಬಟನ್ನಿಗಿಂತ ಮುಂಚೆ ನನ್ನ ವಿದ್ಯೆಯ ಬಗ್ಗೆ ಹೇಳುತ್ತೇನೆ, ಬೇಗ ಮುಗಿಯುತ್ತದೆ. ಆರನೇ ಕ್ಲಾಸು. ಮಿಕ್ಕದ್ದನ್ನು ಕಲಿತದ್ದು ಉಡುಪಿ ಕಡೆಯಿಂದ ಮುಂಬಯಿಗೆ ಬಂದು ತಟ್ಟೆ ತೊಳೆಯುತ್ತಾ. ಆಗಿನ ನಮ್ಮ ಧಣಿಗಳಿಗೆ ಒಂದು ಪದ್ಧತಿ ಇತ್ತು. ದಿನಾ ಬರುವ ಗಿರಾಕಿ ಮೂರು ದಿನ ಕಾಣಿಸದಿದ್ದರೆ ನಮ್ಮಲ್ಲೊಬ್ಬನನ್ನು ಅವನ ಕೋಣೆಗೆ ಓಡಿಸುತ್ತಿದ್ದರು. "ಊರಿಗೆ ಹೋಗಿದ್ರೆ ಒಳ್ಳೇದೇ ಆಯ್ತು. ಮಲಗಿದ್ರೆ ಗಂಜಿ ಕೊಟ್ಟು ಬಾ." ಯಾರಿಗೆ ಯಾವ ಮೇಜು, ಯಾರಿಗೆ ಸಕ್ಕರೆ ಕಡಿಮೆ, ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಚಿತ್ರಗುಪ್ತನೂ ಮೊದಲು ಯಾವುದೋ ಹೋಟೆಲಿನ ಗಲ್ಲಾದಲ್ಲಿ ಕೂತು ಪಳಗಿದವನಿರಬೇಕು ಎಂದು ನನಗೆ ಅನುಮಾನ.

ನನ್ನ ತಲೆ ಅಂಥದ್ದಲ್ಲ. ಅದಕ್ಕೇ ಮಗಳು ನಿಶಾ ಕಂಪ್ಯೂಟರ್ ತಂದಿಟ್ಟಳು. ವರ್ಷಗಟ್ಟಲೆ ಅದು ಬಿಲ್ಲು ಮಾತ್ರ ಕೊಡುತ್ತಿತ್ತು. ಒಂದು ದಿನ ಅವಳೇ ರೇಗಿದಳು. "ಪಪ್ಪಾ, ಇಷ್ಟೆಲ್ಲ ಡೇಟಾ ಐಸೇ ಹೀ ಸುಮ್ನೆ ಬಿದ್ದಿದೆ. ಅದರಿಂದ ಕೆಲಸ ತೆಗೀಬೇಕು ನಾ?"

ತೆಗೆದಳು. ಲೋಕಲ್ ಟ್ರೇನು ನಿಂತ ದಿನ ಎಷ್ಟು ಚಹಾ ಹೋಗುತ್ತದೆ, ಸಂಕಷ್ಟಿಗೆ ಎಷ್ಟು ಸಾಬುದಾಣಿ ನೆನೆಹಾಕಬೇಕು, ಎಲ್ಲವನ್ನೂ ಯಂತ್ರ ಮುಂಚೆಯೇ ಹೇಳತೊಡಗಿತು. ಹಿಟ್ಟು ಮಿಕ್ಕು ಹುಳಿಯಾಗುವುದು ನಿಂತಿತು. ಅಡುಗೆಯ ಸುಂದರಣ್ಣನಿಗೆ ಮಾತ್ರ ಅದರ ಬಳಿ ಸುಳಿಯಲು ಹೆದರಿಕೆ. "ನಾಳೆದ್ದು ಇದಕ್ಕೆ ಇವತ್ತೇ ಗೊತ್ತುಂಟು ಮಾರಾಯ್ರೆ. ನಮ್ಮದು ಎಂತೆಲ್ಲ ಗೊತ್ತುಂಟೋ!"

ಸೋಮವಾರ ಬೆಳಿಗ್ಗೆ ಪರದೆಯಲ್ಲಿ ಕೆಂಪಕ್ಷರದ ಒಂದು ಪಟ್ಟಿ ಬರುತ್ತಿತ್ತು: ಮೊದಲು ಬರುತ್ತಿದ್ದು ಈಗ ಬಾರದೇ ಇರುವವರು. ಕೆಳಗೊಂದು ಬಟನ್. ಒತ್ತಿದರೆ ಅಷ್ಟೂ ಜನರಿಗೆ ಒಂದೇ ಮೆಸೇಜ್: 'ನಿಮ್ಮನ್ನು ಕಾಣದೆ ಬೇಸರವಾಗಿದೆ. ಬನ್ನಿ, ಒಂದು ಕಾಫಿ ನಮ್ಮದು.' ಧಣಿಗಳ ಪದ್ಧತಿಯೇ. ಕಾಲು ಮಾತ್ರ ಇಲ್ಲ.

ಗುಲಾಬಿ ಅಕ್ಕನೂ ಆ ಯಂತ್ರಕ್ಕೆ ಒಬ್ಬ ಗಿರಾಕಿ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಗುರುವಾರ ಅವಳಿಗೆ ಉಪವಾಸ. ಸಂಜೆ ನಾಲ್ಕಕ್ಕೆ ಸರಿಯಾಗಿ ಹೋಟೆಲಿಗೆ ಫೋನ್ ಮಾಡಿ ಮೂರು ನೀರುದೋಸೆ ತರಿಸುವಳು. ಚಟ್ನಿ ಬೇರೆ ಕಟ್ಟಬೇಕು, ಈರುಳ್ಳಿ ಕೂಡದು. ತಮ್ಮನದೆಂದು ಪುಕ್ಕಟೆ ತಿನ್ನುವವಳಲ್ಲ. "ಬಿಲ್ಲು ಮಾಡು. ಇಲ್ಲದಿದ್ರೆ ಬೇರೆ ಹೋಟೆಲು ನೋಡ್ತೇನೆ" ಎಂದು ಗದರಿಸುತ್ತಿದ್ದಳು. ಹಾಗೆ ಅವಳ ಒಂದೊಂದು ಗುರುವಾರವೂ ಯಂತ್ರದೊಳಗೆ ಹೋಗಿ ಕೂತಿತ್ತು.

ಆ ಸೋಮವಾರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮೂರು ಗುರುವಾರ ಅವಳ ಫೋನ್ ಬಂದಿರಲಿಲ್ಲ. ಗಮನಿಸಿದ್ದು ಯಂತ್ರ, ತಮ್ಮನಲ್ಲ. ಹೆಸರನ್ನು ಓದಿದೆ. ಊರಿಗೆ ಹೋಗಿರಬೇಕು ಎಂದುಕೊಂಡೆ. ಬಟನ್ ಒತ್ತಿದೆ.

ಗುರುವಾರ ಪಕ್ಕದ ಮನೆಯವರು ಫೋನ್ ಮಾಡಿದರು. ಜ್ವರ ಎದೆಗಿಳಿದಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಮಾತಾಡದೆಯೇ ತೀರಿಕೊಂಡಳು. ಆಮೇಲೆ ಅವಳ ಫೋನ್ ತೆರೆದರೆ ನಾನು ಕಳಿಸಿದ ಬೇಸರ ಅಲ್ಲಿತ್ತು. ಅದರ ಕೆಳಗೆ ಅವಳ ಉತ್ತರ: "ಸ್ವಲ್ಪ ಜ್ವರ. ಹುಷಾರಾದ ಮೇಲೆ ನಾನೇ ಬರ್ತೇನೆ ಮಾರಾಯ." ಯಂತ್ರಕ್ಕೆ ಬರೆದ ಉತ್ತರ ಯಾರಿಗೂ ತಲುಪುವುದಿಲ್ಲವಂತೆ.

ಎರಡು ತಿಂಗಳು ಕಳೆದವು. ನಿಶಾ ಯಂತ್ರಕ್ಕೆ ಹೊಸ ಕೆಲಸ ಹಚ್ಚಿದಳು. ಹಿಂದಿನ ವರ್ಷವನ್ನೆಲ್ಲ ಓದಿ, ಖಾಯಂ ಗಿರಾಕಿಯ ಖಾಯಂ ತಿಂಡಿಯ ಚೀಟಿಯನ್ನು ಅವರು ಕೇಳುವ ಮೊದಲೇ ಅಡುಗೆಮನೆಗೆ ಕಳಿಸುವುದು. ಮೊದಲ ಗುರುವಾರ ಸಂಜೆ ನಾಲ್ಕಕ್ಕೆ ಮೇಜುಗಳೆಲ್ಲ ಖಾಲಿ ಇದ್ದವು. ಒಳಗೆ ಪ್ರಿಂಟರಿನಿಂದ ಚೀಟಿ ಹರಿಯುವ ಸದ್ದಾಯಿತು. ಸುಂದರಣ್ಣ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಚೀಟಿಯನ್ನು ತುದಿಯಲ್ಲಿ ಹಿಡಿದಿದ್ದರು.

"ಧಣಿ, ಅಕ್ಕನ ದೋಸೆ."

ಗುಲಾಬಿ. ನೀರುದೋಸೆ ಮೂರು. ಚಟ್ನಿ ಬೇರೆ. ಈರುಳ್ಳಿ ಬೇಡ.

ನಿಶಾ ಕಂಪ್ಯೂಟರಿನ ಕಡೆಗೆ ಧಾವಿಸಿದಳು. "ಸಾರಿ ಪಪ್ಪಾ, ಅತ್ತೆಯ ಹೆಸರು ತೆಗೀಲಿಕ್ಕೆ ಮರೆತೇ ಹೋಯ್ತು, ಭೂಲ್ ಗಯೀ. ಅಭೀ ಡಿಲೀಟ್ ಮಾಡ್ತೇನೆ."

"ಬೇಡ" ಎಂದೆ. "ಸುಂದರಣ್ಣ, ದೋಸೆ ಹೊಯ್ಯಿರಿ."

ಯಂತ್ರದಲ್ಲಿ ಪ್ರೇತವಿಲ್ಲವೆಂದು ಆರನೇ ಕ್ಲಾಸಿನವನಿಗೂ ಗೊತ್ತು. ಅವಳು ವಾರವಾರವೂ ಹೇಳಿದ್ದನ್ನು ಅದು ನೆನಪಿಟ್ಟಿದೆ, ಅಷ್ಟೆ. ನನ್ನನ್ನು ಚುಚ್ಚಿದ್ದು ಅದಲ್ಲ. ಪಟ್ಟಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅಲ್ಲಿಂದ ಮುಂದಿನದು ಕಾಲಿನ ಕೆಲಸ. ಅದನ್ನು ಯಾವ ಯಂತ್ರವೂ ನನ್ನ ಬದಲು ಮಾಡುವುದಿಲ್ಲ.

ನಮ್ಮ ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತೇವೆ. ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲಬೇಕು. ಮತ್ತೆ ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಬೇಕು. ಉಣ್ಣುವವರಿಗೆ ತೊಂದರೆಯಾಗಬಾರದಲ್ಲ.

ಪೊಟ್ಟಣ ಹಿಡಿದು ಬಸ್ಸು ಹತ್ತಿದೆ. ಅಕ್ಕನ ಮನೆಯ ಬೀಗ ತೆಗೆದು, ಎಲೆ ಹಾಸಿ, ಮೂರು ದೋಸೆ ಬಡಿಸಿದೆ. ಚಟ್ನಿ ಬೇರೆ. ಬಾಗಿಲು ಮುಚ್ಚಿ ಹೊರಗೆ ನಿಂತೆ. ಒಳಗೆ ಏನೂ ಸದ್ದಿಲ್ಲ. ಸದ್ದಾಗಿದ್ದರೆ ಇನ್ನಷ್ಟು ಧೈರ್ಯ ಬರುತ್ತಿತ್ತೋ ಏನೋ.

ಆಮೇಲೆ ಬಾಗಿಲು ತಟ್ಟಿದೆ. ಪಕ್ಕದ ಮನೆಯವರು ಇಣುಕಿ ನೋಡಿದರು. ಅವರೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ನಾನು. ಅವತ್ತೇ ಬರಬೇಕಿತ್ತು, ಬರ್ಲಿಲ್ಲ. ತಪ್ಪಾಯ್ತು ಅಕ್ಕ."