ದೊಡ್ಡಕ್ಕನ ಕಿವಿ ಪರೀಕ್ಷೆ

ಮಗ್ಗದ ಶೆಡ್ಡಿನಲ್ಲಿ ಮಾತಿಗೇನೂ ಬರವಿರಲಿಲ್ಲ, ಸದ್ದು ಮಾತ್ರ ಮಗ್ಗಗಳದ್ದು. ಸಾಲುಸಾಲು ಕರೆಂಟಿನ ಮಗ್ಗಗಳು. ಒಂದೊಂದರಲ್ಲೂ ಲಾಳಿ ಆ ತುದಿಯಿಂದ ಈ ತುದಿಗೆ ಫಟ್ ಫಟ್ ಎಂದು ಬಡಿದುಕೊಳ್ಳುತ್ತಿತ್ತು. ಅಲ್ಲಿ ಬಾಯಿಬಿಟ್ಟು ಕೂಗುವುದೆಂದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದಕ್ಕೇ ಎಲ್ಲರೂ ತುಟಿಯಲ್ಲೇ ಮಾತಾಡುತ್ತಿದ್ದರು. ಈ ಮೂಲೆಯವಳು ಸದ್ದಿಲ್ಲದೆ ತುಟಿ ಆಡಿಸಿದರೆ ಆ ಮೂಲೆಯವಳು ಓದಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅತ್ತೆಯ ಕಾಟ, ಗಂಡನ ಗೊರಕೆ, ಮೇಸ್ತ್ರಿಯ ಡೊಳ್ಳುಹೊಟ್ಟೆ, ಯಾವುದನ್ನೂ ಬಿಟ್ಟಿರಲಿಲ್ಲ. ಆಫೀಸಿನಿಂದ ಬಂದ ಮೇಸ್ತ್ರಿಗೆ ಈ ವಿದ್ಯೆ ಬಾರದು, ಪಾಪ. ತನ್ನ ಹೊಟ್ಟೆಯ ಪುರಾಣ ತನ್ನೆದುರೇ ನಡೆಯುತ್ತಿದ್ದರೂ ಅವನು ಮೀಸೆ ತಿರುವಿಕೊಂಡು ಓಡಾಡುತ್ತಿದ್ದ.

ಈ ವಿದ್ಯೆಯಲ್ಲಿ ದೊಡ್ಡಕ್ಕನನ್ನು ಮೀರಿಸುವವರಿರಲಿಲ್ಲ. ದೊಡ್ಡಕ್ಕ ಅನ್ನುವುದು ಶೆಡ್ಡು ಇಟ್ಟ ಹೆಸರು. ಮದುವೆಗೆ ಮುಂಚೆಯೇ ಮಗ್ಗದ ಮುಂದೆ ನಿಂತವಳು, ಗಂಡ ತೀರಿಕೊಂಡ ಮೇಲೂ ಅಲ್ಲೇ ನಿಂತಳು. ಮಗಳನ್ನೂ ಪಕ್ಕದ ಮಗ್ಗಕ್ಕೆ ತಂದು ನಿಲ್ಲಿಸಿ ಕೆಲಸ ಕಲಿಸಿದಳು. ತನ್ನ ಕಿವಿ ಮಂದವಾಗುತ್ತಿರುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಎದುರಿಗಿದ್ದವರ ತುಟಿ ಕಾಣುತ್ತಿರುವವರೆಗೆ ಕಿವಿಯ ಹಂಗೇನು ಎಂದು ಸುಮ್ಮನಿದ್ದಳು.

ಹೀಗಿರುವಾಗ ಒಂದು ದಿನ ಕಾರ್ಖಾನೆಯ ಅಂಗಳಕ್ಕೆ ಕಿವಿ ಪರೀಕ್ಷೆಯ ವ್ಯಾನು ಬಂತು. ಶೆಡ್ಡಿನವರಿಗೆ ಹಳೆಯದೆಲ್ಲ ನೆನಪಾಯಿತು. ಹಿಂದೊಮ್ಮೆ ಎದೆಯ ಪರೀಕ್ಷೆ ನಡೆದಾಗ ಕೆಮ್ಮುತ್ತಿದ್ದ ನೂಲು ಸುತ್ತುವವನಿಗೆ "ಸ್ವಲ್ಪ ದಿನ ಮನೇಲಿ ಆರಾಮಾಗಿರಪ್ಪ" ಎಂದು ಹೇಳಿ ಕಳಿಸಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಕಿವಿ ಹೋಯಿತೆಂದರೆ ಕೆಲಸವೂ ಹೋಯಿತು ಎಂದು ಎಲ್ಲರೂ ನಂಬಿದ್ದರು. ದಪ್ಪ ಗಾಜಿನ ತಣ್ಣನೆಯ ಕೋಣೆಯಲ್ಲಿ ಕೂರುವ ಆಫೀಸಿನವರಿಗೇನು ಬಿಡಿ, ಸೊಳ್ಳೆ ಹಾಡಿದರೂ ಕೇಳುವ ಕಿವಿ ಅವರದು.

ಮೊದಲು ಒಳಗೆ ಹೋದವಳು ದೊಡ್ಡಕ್ಕ. ವ್ಯಾನಿನೊಳಗೆ ಒಂದು ಪುಟ್ಟ ಗೂಡು, ಕೂರಲು ಒಂದು ಸ್ಟೂಲು, ಎದುರಿಗೊಂದು ಗಾಜಿನ ಕಿಟಕಿ. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಬೇಕು ಎಂದು ನರ್ಸಮ್ಮ ಹೇಳಿದಳು. ಒತ್ತಿದರೆ ಹೊರಗೆ ನರ್ಸಮ್ಮನ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ. ದೊಡ್ಡಕ್ಕ ಜೀವ ಕೈಯಲ್ಲಿ ಹಿಡಿದು ಕೂತಳು. ಏನೂ ಕೇಳಲಿಲ್ಲ. ಆದರೆ ಗಾಜಿನಾಚೆ ನರ್ಸಮ್ಮನ ತುಟಿ ಕಂಡಿತು! ಆ ತಾಯಿಗೆ ತನಗೇ ಗೊತ್ತಿಲ್ಲದ ಒಂದು ಅಭ್ಯಾಸವಿತ್ತು: ಪ್ರತಿ ಸಲ ಸದ್ದು ಬಿಡುವಾಗಲೂ ತುಟಿ ಕೂಡಿಸಿ ಸಣ್ಣಗೆ "ಹೂಂ" ಅನ್ನುತ್ತಿದ್ದಳು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಮಗ್ಗದ ಹೆಂಗಸಿನ ಕಣ್ಣು ಬಿಡುತ್ತದೆಯೇ? ನರ್ಸಮ್ಮ ಹೂಂ ಅಂದಾಗಲೆಲ್ಲ ದೊಡ್ಡಕ್ಕ ಗುಂಡಿ ಒತ್ತಿದಳು.

ಹೊರಗೆ ಬಂದವಳೇ ಸಾಲಿನಲ್ಲಿ ನಿಂತವರಿಗೆಲ್ಲ ತುಟಿಯಲ್ಲೇ ಪಾಠ ಹೇಳಿಕೊಟ್ಟಳು. ಸಂಜೆಯ ಹೊತ್ತಿಗೆ ಇಡೀ ಶೆಡ್ಡು ಪಾಸು. "ಎಲ್ಲರ ಕಿವಿನೂ ಇಷ್ಟು ಚೆನ್ನಾಗಿರೋ ಮಗ್ಗದ ಶೆಡ್ಡನ್ನ ನಾನು ನೋಡೇ ಇಲ್ಲ" ಎಂದು ನರ್ಸಮ್ಮ ಬೆರಗಾದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಹೆಂಗಸರು ನಕ್ಕರು. ಮಾರನೆಯ ದಿನ ಮೇಸ್ತ್ರಿ, ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳಲೆಂದು ತರಿಸಿದ್ದ ಮುಚ್ಚಳಗಳ ಪೆಟ್ಟಿಗೆಯನ್ನು ಒಡೆಯದೆ ಉಗ್ರಾಣಕ್ಕೆ ಎತ್ತಿಟ್ಟ. ಕಿವಿಯೆಲ್ಲ ಗಟ್ಟಿಯಾಗಿರುವಾಗ ಅದರ ಹಂಗೇಕೆ ಎಂದ. ಯಾರೂ ತಕರಾರು ಮಾಡಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಅಳಿಯ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳು ಕೆಲಸಕ್ಕೆ ಮರಳಿದ ಮೇಲೆ ಬೆಳಗಿನ ಪಾಳಿ ಅಮ್ಮನದು, ಮಧ್ಯಾಹ್ನದ್ದು ಮಗಳದು, ಮನೆಯಲ್ಲಿದ್ದವರು ಮಗು ನೋಡಿಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮೇಲೆ ನಗುತ್ತಿದ್ದರೂ ದೊಡ್ಡಕ್ಕನಿಗೆ ಒಳಗೊಳಗೇ ದಿಗಿಲು. ಮಗುವಿನ ಅಳುವಿಗೆ ತುಟಿಯಿದ್ದರೇನು ಬಂತು, ನೋಡದೆ ಕಾಣುತ್ತದೆಯೇ? ತೊಟ್ಟಿಲು ಬಿಟ್ಟು ಆಚೀಚೆ ಹೋದರೆ ಹತ್ತು ಸಲ ತಿರುಗಿ ನೋಡುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲು ಹಾಕುತ್ತಿರಲಿಲ್ಲ. "ಏನಮ್ಮಾ, ಮಗು ಏನು ಎದ್ದು ಓಡಿಹೋಗುತ್ತಾ?" ಎಂದು ಮಗಳು ತಮಾಷೆ ಮಾಡುತ್ತಿದ್ದಳು.

ವಾರದ ರಜೆಯ ದಿನ ಮಗಳು ಅಂಗಡಿಗೆ ಹೋಗಿದ್ದಳು. ದೊಡ್ಡಕ್ಕ ಬಾಗಿಲಿಗೆ ಚಿಲಕ ಹಾಕಿ, ಮಗು ಮಲಗಿದ್ದನ್ನು ನೋಡಿ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತಳು. ಯಾಕೋ ಆವತ್ತು ತಿರುಗಿ ನೋಡುವುದು ಮರೆಯಿತು. ಹಾಳಾದ್ದು ಮರೆವು! ಕಿಟಕಿಯಲ್ಲಿ ನೆರಳಾಡಿದಂತಾಗಿ ತಲೆಯೆತ್ತಿದರೆ ಮಗಳ ಮುಖ. ಅವಳು ಸರಳು ಹಿಡಿದು ಬಾಯಿ ಹರಿಯುವಂತೆ ಕಿರುಚುತ್ತಿದ್ದಾಳೆ, ಹಿಂದೆ ನೆರೆಮನೆಯವರು ಸೇರಿದ್ದಾರೆ. ದೊಡ್ಡಕ್ಕ ತರಕಾರಿ ಬಿಟ್ಟೆದ್ದಳು. ಓಡಿ ಬಂದು ನೋಡಿದರೆ ತೊಟ್ಟಿಲ ಬಟ್ಟೆ ಮಗುವಿನ ತೋಳಿಗೆ ಸುತ್ತಿಕೊಂಡು, ಅತ್ತು ಅತ್ತು ಮುಖ ನೀಲಿಗಟ್ಟಿತ್ತು.

ಬಟ್ಟೆ ಬಿಡಿಸಿ, ಚಿಲಕ ತೆಗೆದಳು. ಮಗಳು ಮಗುವನ್ನು ಕಸಿದುಕೊಂಡು ಎದೆಗವಚಿಕೊಂಡಳು. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

"ಬಾಗಿಲು ಬಡಿದು ಬಡಿದು ಕೈ ಬಾತುಹೋಯ್ತಮ್ಮಾ. ಬೀದಿಗೆಲ್ಲ ಕೇಳಿಸ್ತು. ನಿಂಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?"

ಆ ಮಾತನ್ನೂ ದೊಡ್ಡಕ್ಕ ತುಟಿ ನೋಡಿಯೇ ತಿಳಿದುಕೊಂಡಳು. ಅಂದಿನಿಂದ ಮಗಳು ಅಂಗಡಿಗೆ ಹೋಗಲಿ, ನೀರಿಗೆ ಹೋಗಲಿ, ಮಗುವನ್ನು ಎತ್ತಿಕೊಂಡೇ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲೂ ಇಲ್ಲ.

ವರ್ಷ ತಿರುಗುವಷ್ಟರಲ್ಲಿ ವ್ಯಾನು ಮತ್ತೆ ಬಂತು, ಅದೇ ನರ್ಸಮ್ಮ. ಕೆಲಸಕ್ಕೆ ಮರಳಬೇಕಾದರೆ ಮಗಳೂ ಪರೀಕ್ಷೆ ಕೊಡಬೇಕಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಮ್ಮನ ಹಿಂದೆ ನಿಂತಿದ್ದಳು. ಸಾಲಿನವರೆಲ್ಲ ದೊಡ್ಡಕ್ಕನತ್ತ ನೋಡಿ ತುಟಿ ಕೂಡಿಸಿ ಹೂಂ ಹೂಂ ಎಂದು ನಗುತ್ತಿದ್ದರು. ದೊಡ್ಡಕ್ಕನಿಗೆ ನಗು ಬರಲಿಲ್ಲ. ನಿಜ ಹೇಳಿದರೆ ಮಗ್ಗ ಹೋಗುತ್ತದೆ, ಮನೆಗೆ ತಿಂಗಳು ತಪ್ಪದೆ ಬರುವುದು ಅದೊಂದೇ ಸಂಬಳ. ಸುಳ್ಳು ಹೇಳಿದರೆ ಮುಚ್ಚಳಗಳ ಪೆಟ್ಟಿಗೆ ಉಗ್ರಾಣದಲ್ಲೇ ಉಳಿಯುತ್ತದೆ, ಮಗಳನ್ನೂ ಅದೇ ಗದ್ದಲಕ್ಕೆ ಕೈಹಿಡಿದು ನೂಕಿದ ಹಾಗೆ. ನಾಳೆ ಅವಳೂ ಹೀಗೇ ತರಕಾರಿ ಹೆಚ್ಚುತ್ತ ಕೂತಿರುತ್ತಾಳೆ. ದೊಡ್ಡಕ್ಕ ಒಳಗೆ ಹೋದಳು.

ಗೂಡಿನಲ್ಲಿ ಸ್ಟೂಲನ್ನು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತಳು. ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ಬೆರಳು ಬೆವರಿತು. ನರ್ಸಮ್ಮ ಇನ್ನೂ ಏನು ಮಾಡುತ್ತಿದ್ದಾಳೆ, ಯಂತ್ರ ಕೆಟ್ಟಿತೇ ಎಂದುಕೊಂಡಳು. ಕೊನೆಗೆ ಹೆಗಲ ಮೇಲೆ ಕೈ ಬಿತ್ತು.

"ಶುರು ಮಾಡಿ ತಾಯಿ, ಆಗ್ಲಿಂದ ಕಾಯ್ತಾ ಇದೀನಿ" ಎಂದಳು ದೊಡ್ಡಕ್ಕ.

ನರ್ಸಮ್ಮ ಅವಳೆದುರು ಕುಕ್ಕರಗಾಲಿನಲ್ಲಿ ಕೂತು ನಿಧಾನವಾಗಿ ತುಟಿ ಆಡಿಸಿದಳು. "ಮುಗೀತಮ್ಮಾ. ಎಲ್ಲ ಮುಗೀತು."

ದೊಡ್ಡಕ್ಕ ಗುಂಡಿಯನ್ನು ಅವಳ ಕೈಗೆ ಕೊಟ್ಟು, ಹಿಂದಿನ ಸಲದ ಕಥೆಯೆಲ್ಲ ಹೇಳಿದಳು. ನರ್ಸಮ್ಮನ ಮುಖ ಕೆಂಪಗಾಯಿತು, ಆಮೇಲೆ ಕಣ್ಣು ತುಂಬಿತು. "ಹೋಗಿರೋ ಕಿವಿ ಮತ್ತೆ ಬರಲ್ಲಮ್ಮ. ಇರೋರದ್ದು ಉಳಿಸ್ಕೋಬಹುದಿತ್ತು" ಎಂದಳು.

ಹೊರಗೆ ಮಗಳು ಹುಬ್ಬೇರಿಸಿ ಏನಾಯಿತೆಂದು ಕೇಳಿದಳು. ದೊಡ್ಡಕ್ಕ ಈ ಸಲ ತುಟಿಯಲ್ಲಿ ಹೇಳಲಿಲ್ಲ. "ಗೋಡೆ ಕಡೆ ತಿರುಗಿ ಕೂತ್ಕೋ ಕಂದಾ" ಎಂದು ಬಾಯಿಬಿಟ್ಟೇ ಹೇಳಿದಳು. ಕಿವುಡಿಯ ದನಿ, ಅಂಗಳಕ್ಕೆಲ್ಲ ಕೇಳಿತು. ಸಾಲಿನ ನಗು ನಿಂತಿತು. ಮಗಳು ಅಮ್ಮನನ್ನೇ ನೋಡಿದಳು. ಆಮೇಲೆ ಮಗುವನ್ನು ಅವಳ ಕೈಗೆ ಕೊಟ್ಟಳು. "ಮುಖ ನೋಡ್ತಾನೇ ಇರಮ್ಮ" ಎಂದು ಹೇಳಿ ಒಳಗೆ ಹೋಗಿ ಗೋಡೆಯತ್ತ ತಿರುಗಿ ಕೂತಳು.

ದೊಡ್ಡಕ್ಕ ವ್ಯಾನಿನ ಬಾಗಿಲಲ್ಲಿ ನಿಂತಳು. ಒಂದು ಕಣ್ಣು ಮಗುವಿನ ಮುಖದ ಮೇಲೆ, ಒಂದು ಕಣ್ಣು ನರ್ಸಮ್ಮನ ಮೇಲೆ. ಎಷ್ಟು ತಡೆದುಕೊಂಡರೂ ನರ್ಸಮ್ಮನ ಅಭ್ಯಾಸ ಬಿಟ್ಟಿರಲಿಲ್ಲ. ತುಟಿ ಹೂಂ ಎಂದಿತು, ಹಸಿರು ದೀಪ ಹತ್ತಿತು. ಹೂಂ ಎಂದಿತು, ಹತ್ತಿತು. ದೊಡ್ಡಕ್ಕನಿಗೆ ಉಸಿರು ಬಂತು. ಮತ್ತೆ ಹೂಂ ಎಂದಿತು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಹೂಂ ಎಂದಿತು. ಹತ್ತಲಿಲ್ಲ.

ದೊಡ್ಡಕ್ಕ ಮಗುವನ್ನು ಎದೆಗೊತ್ತಿಕೊಂಡು, ಅಂಗಳದಲ್ಲಿದ್ದ ಮೇಸ್ತ್ರಿಯತ್ತ ತಿರುಗಿದಳು. "ಏಯ್ ಮೇಸ್ತ್ರಿ, ನನ್ನನ್ನ ಮನೆಗೆ ಕಳಿಸ್ತೀಯೋ ಕಳಿಸು. ಮೊದಲು ಆ ಪೆಟ್ಟಿಗೆ ತಗೊಂಡ್ಬಾ!" ಎಂದು ಕೂಗಿದಳು. ಮೇಸ್ತ್ರಿ ಏನೋ ಹೇಳಿದ. ದೊಡ್ಡಕ್ಕ ಅವನ ತುಟಿ ನೋಡಲಿಲ್ಲ, ಮಗುವಿನ ಮುಖವನ್ನೇ ನೋಡುತ್ತ ನಿಂತಿದ್ದಳು.