ಸೀಲು ಹೊಡೆದ ಪ್ರಶ್ನೆಗಳು

ಇದು ನಡೆದದ್ದು ೨೦೦೬ರಲ್ಲಿ. ಆಗ ನಾನೂ ಗಂಡನೂ ಕತಾರಿನ ಅಲ್ ಗರಾಫಾದಲ್ಲಿ, ನಾಲ್ಕು ಪಾಲು ಮಾಡಿದ ಒಂದು ವಿಲ್ಲಾದ ಹಿಂದಿನ ಪಾಲಿನಲ್ಲಿದ್ದೆವು. ಮಂಗಳೂರಿನಲ್ಲಿ ಇತಿಹಾಸದ ಎಂ.ಎ., ಜೊತೆಗೆ ಬಿ.ಎಡ್. ಮಾಡಿ ಬಂದ ನಾನು ಮೂರು ವರ್ಷ ಅಡುಗೆ ಮಾಡಿಕೊಂಡು, ಗೋಡೆ ನೋಡಿಕೊಂಡು ಕುಳಿತಿದ್ದೆ. ಒಂದು ಭಾರತೀಯ ಶಾಲೆಯ ಟೀಚರ್ ಹೆರಿಗೆ ರಜೆಗೆ ಹೋದಾಗ ನನಗೆ ಕರೆ ಬಂತು. ಪಾಠ ಇಷ್ಟವಾದರೆ ಕಾಯಂ ಮಾಡುತ್ತೇನೆ ಎಂದು ಪ್ರಿನ್ಸಿಪಾಲ್ ಮೇಡಂ ಹೇಳಿದ್ದರು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಒಂಬತ್ತನೆಯ ತರಗತಿಗೆ ಯುರೋಪಿನ ಜನ ಗುಂಪುಗುಂಪಾಗಿ ಊರು ಬಿಟ್ಟ ಪಾಠ. ಐರ್ಲೆಂಡಿನಲ್ಲಿ ಬಟಾಟೆ ಕೊಳೆತು ಹಸಿವೆ ಬಂದದ್ದು, ಯಂತ್ರಗಳು ಬಂದು ನೇಕಾರರ ಕೈಗೆ ಕೆಲಸವಿಲ್ಲದಾದದ್ದು, ಸಿಕ್ಕ ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದು. ನಾನು ಎಷ್ಟು ಹುರುಪಿನಿಂದ ಹೇಳಿದರೂ ಮಕ್ಕಳು ಆಕಳಿಸಿದರು. ಎರಡು ವರ್ಷಕ್ಕೊಮ್ಮೆ ಅವರಿಗೆ ವೆಕೇಶನ್ ಇರಲಿಲ್ಲವೇ ಎಂದು ಒಬ್ಬಳು ಕೇಳಿದಳು. ಗಲ್ಫಿನ ಮಕ್ಕಳಿಗೆ ಊರು ಬಿಡುವುದೆಂದರೆ ಅಷ್ಟೇ ಗೊತ್ತು.

ಅವರ ಮನೆಯ ಕಥೆಯಿಂದಲೇ ಶುರುಮಾಡೋಣ ಎನಿಸಿತು. ಮನೆಯಲ್ಲಿ ಮೊದಲು ಊರು ಬಿಟ್ಟವರು ಯಾರು, ಯಾಕೆ ಬಿಟ್ಟರು, ಯಾವ ವೀಸಾದಲ್ಲಿ ಬಂದರು, ಈಗ ಎಲ್ಲಿ ಕೆಲಸ ಎಂದು ಒಂದು ಹಾಳೆ ಟೈಪ್ ಮಾಡಿದೆ. ಕೊನೆಗೆ ತಂದೆಯ ಸಹಿಗೊಂದು ಗೆರೆ. ನೋಡಲು ಗಂಭೀರವಾಗಿರಲಿ ಎಂದು ಆಫೀಸಿನಲ್ಲಿ ಶಾಲೆಯ ಸೀಲನ್ನೂ ಹೊಡೆಸಿ, ಗುರುವಾರ ಎಲ್ಲರಿಗೂ ಹಂಚಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಆಯಿತು.

ವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ಹೋದರೆ ಆಫೀಸಿನ ಎದುರು ಏಳೆಂಟು ಅಪ್ಪಂದಿರು ನಿಂತಿದ್ದರು. ಎಲ್ಲರ ಕೈಯಲ್ಲೂ ನನ್ನ ಹಾಳೆ. ಪ್ರಿನ್ಸಿಪಾಲರ ಮುಖ ಕೆಂಪಾಗಿತ್ತು. ನನ್ನ ವಿದ್ಯಾರ್ಥಿನಿ ಶ್ರಾವ್ಯಳ ತಂದೆ ಸದಾನಂದ ಅವರಲ್ಲಿದ್ದರು. ಮಂಗಳೂರಿನವರು, ಮನೆಯಲ್ಲಿ ತುಳು ಮಾತಾಡುವವರು.

"ಟೀಚರ್, ಊರಿನವರಾಗಿ ನೀವು ಹೀಗೆ ಮಾಡುದಾ? ನನ್ನ ವೀಸಾ ಒಬ್ಬರದ್ದು, ಕೆಲಸ ಇನ್ನೊಬ್ಬರಲ್ಲಿ. ಈ ಪೇಪರ್ ಲೇಬರ್ ಆಫೀಸಿಗೆ ಹೋದ್ರೆ ನನ್ನ ಕಥೆ ಖಲಾಸ್," ಎಂದರು.

ನನಗೆ ನಾಚಿಕೆಯಾಯಿತು. ವೀಸಾ ಕೊಟ್ಟವರನ್ನು ಬಿಟ್ಟು ಬೇರೆಯವರಲ್ಲಿ ದುಡಿಯುವುದು ಅಲ್ಲಿ ಅಪರಾಧ. ಅಂಥವರು ನಮ್ಮ ಪರಿಚಯದಲ್ಲೇ ಎಷ್ಟು ಜನ! ಇದು ನೂರೈವತ್ತು ವರ್ಷ ಹಿಂದೆ ಯುರೋಪಿನವರು ಊರು ಬಿಟ್ಟ ಪಾಠ, ಅದಕ್ಕೆ ಕಾರಣ ಮತ್ತು ಪರಿಣಾಮ ಮಕ್ಕಳಿಗೆ ಅರ್ಥವಾಗಲಿ ಎಂದು ಕೇಳಿದ್ದು ಎಂದು ತುಳುವಿನಲ್ಲೇ ಹೇಳಿದೆ. ಅವರು ನನ್ನನ್ನೇ ನೋಡಿದರು.

"ಬಿಳಿಯರು ಹೊಟ್ಟೆಗಿಲ್ಲದೆ ಊರು ಬಿಟ್ಟದ್ದಾ? ನಮ್ಮ ಸೈಟಿನ ದೊಡ್ಡ ಸಾಹೇಬರೆಲ್ಲ ಅಲ್ಲಿಯವರೇ ಅಲ್ವಾ ಮಾರಾಯ್ರೆ," ಎಂದವರು, ಉಳಿದ ಅಪ್ಪಂದಿರಿಗೆ ಹಿಂದಿಯಲ್ಲಿ ವಿವರಿಸಿಯೇಬಿಟ್ಟರು. ಒಬ್ಬರು ನಕ್ಕರು, ಮತ್ತೆ ಎಲ್ಲರೂ ನಕ್ಕರು. ನಾನು ಹಾಳೆಗಳನ್ನೆಲ್ಲ ಒಟ್ಟುಮಾಡಿ ಅವರ ಎದುರೇ ಹರಿದು ಹಾಕಿದೆ. ಮುಂದಿನ ಸಲ ಸೀಲು ಹೊಡೆಸುವ ಮೊದಲು ನನಗೆ ತೋರಿಸಿ ಎಂದು ಪ್ರಿನ್ಸಿಪಾಲರು ಗದರಿದರು. ಮುಂದಿನ ಸಲ ಅಂದರಲ್ಲ, ನನಗೆ ಹೋದ ಜೀವ ಬಂತು. ಸಂಜೆ ನಮ್ಮವರಿಗೆ ಹೇಳಿದರೆ, ಸೀಲು ಕಂಡಿದ್ದರೆ ನಾನೂ ಶಾಲೆಗೆ ಓಡುತ್ತಿದ್ದೆ ಎಂದು ಬಿದ್ದು ಬಿದ್ದು ನಕ್ಕರು.

ಮರುದಿನ ಶ್ರಾವ್ಯ ಮಡಚಿದ ಒಂದು ಕಾಗದ ತಂದಳು. ತಂದೆ ಕನ್ನಡದಲ್ಲಿ ಬರೆದಿದ್ದರು. ಅವಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಏನು ಬರೆದಿದ್ದಾರೆ ಎಂದು ಕೇಳಿದಳು. ನಾನು ಗಟ್ಟಿಯಾಗಿ ಓದಿದೆ.

"ಕಾರಣ: ನನ್ನ ತಂದೆಯೂ ನಾನೂ ಹಂಚಿನ ಕಾರ್ಖಾನೆಯಲ್ಲಿದ್ದೆವು. ಜನ ತಾರಸಿ ಮನೆ ಕಟ್ಟತೊಡಗಿದರು, ಕಾರ್ಖಾನೆ ಮುಚ್ಚಿತು. ಮಗಳು ಒಳ್ಳೆಯ ಶಾಲೆಯಲ್ಲಿ ಕಲಿಯಲಿ ಎಂದು ಬಂದೆ. ಪರಿಣಾಮ: ಮಗಳು ಒಳ್ಳೆಯ ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಈ ಕಾಗದ ಓದಲು ಅವಳಿಗೆ ಬರುವುದಿಲ್ಲ."

ಕೆಳಗೆ ಸಹಿ ಮಾತ್ರ ಇರಲಿಲ್ಲ.

ಶ್ರಾವ್ಯ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಕಲೀಲಿಕ್ಕೆ ಎಷ್ಟು ದಿನ ಬೇಕು ಟೀಚರ್?" ಎಂದಳು.

ಅಂದಿನಿಂದ ಊಟದ ಬಿಡುವಿನಲ್ಲಿ ನಾವಿಬ್ಬರೂ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರುತ್ತಿದ್ದೆವು. ಒತ್ತಕ್ಷರ ಅವಳನ್ನು ಗೋಳು ಹೊಯ್ದುಕೊಂಡಿತು. ನಾನು ಕಾಯಂ ಆಗಿ, ಬೇಸಿಗೆ ರಜೆ ಹತ್ತಿರ ಬಂದಾಗ ಅವಳು ಆ ಕಾಗದವನ್ನು ತಡವರಿಸುತ್ತ ಕೊನೆಯವರೆಗೆ ತಾನೇ ಓದಿದಳು. ಮತ್ತೆ ಪೆನ್ನು ತೆಗೆದು, ಅಡಿಯಲ್ಲಿ ಸೊಟ್ಟ ಅಕ್ಷರಗಳಲ್ಲಿ "ಓದಿದೆ ಪಪ್ಪ" ಎಂದು ಬರೆದು ಮನೆಗೆ ಒಯ್ದಳು.

ಆಮೇಲೆ ಬಹಳ ವರ್ಷ ಆ ಪಾಠ ಮಾಡಿದ್ದೇನೆ. ಪರಿಣಾಮಗಳು ಎಂದು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ಸಲವೂ ಸದಾನಂದರು ಆ ಸಂಜೆ ಕಾಗದ ಬಿಡಿಸಿದ್ದನ್ನು ಊಹಿಸಿಕೊಂಡು ನನಗೆ ಸಂತೋಷವಾಗುತ್ತದೆ.