ಬೋರಪ್ಪನ ಕಾಲೂ ಮಿಲಿಟರಿ ಬ್ರೇಕೂ

ಬೋರಪ್ಪನಿಗೆ ಹೆಂಡತಿ ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಕಾರಿನಲ್ಲಿ ಒಂದು ನಟ್ಟು ಸಡಿಲವಾದರೆ ಮಾತ್ರ ತಟ್ಟನೆ ಕಿವಿ ನಿಮಿರುತ್ತಿತ್ತು. ಕಾರೇನೂ ಅವನದಲ್ಲ. ಚನ್ನರಾಯಪಟ್ಟಣದ ಕೊಬ್ಬರಿ ಸಾಹುಕಾರ ಪಂಚಾಕ್ಷರಯ್ಯನವರದು, ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾಲು. ಆದರೂ ಊರವರು ‘ಬೋರಪ್ಪನ ಕಾರು’ ಅಂತಲೇ ಕರೆಯುತ್ತಿದ್ದರು. ಅವನೂ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ಗಾಡಿಯ ಬ್ರೇಕು ಮಹಾ ಮೊಂಡು. ಸೀಟು ಬಿಟ್ಟು ಎದ್ದು ತುಳಿದರಷ್ಟೇ ಮಾತು ಕೇಳುತ್ತಿತ್ತು. ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿಯ ಹೊತ್ತಿಗೆ ಬೋರಪ್ಪನ ಬಲ ಮೊಣಕಾಲು ಊದಿಕೊಂಡು ಕೈಕೊಟ್ಟಿತು. ಸಂತೆ ಬೀದಿಯಲ್ಲಿ ಕಾರು ನಿಲ್ಲದೆ ಬಾಳೆಹಣ್ಣಿನ ತಳ್ಳುಗಾಡಿಗೆ ಮುತ್ತಿಟ್ಟ ದಿನ ಸಾಹುಕಾರರು ಹೇಳಿಯೇಬಿಟ್ಟರು: “ಬೋರ, ಈ ಕಾಲಲ್ಲಿ ಆಗಲ್ಲ ಕಣ್ಲಾ. ಬೇರೆ ಡ್ರೈವರ್ನ ನೋಡ್ತೀನಿ.” ಬೋರಪ್ಪ ಕೈಮುಗಿದು, ಬ್ರೇಕು ಸರಿಮಾಡಿಸಲು ಒಂದು ವಾರ ಗಡುವು ಕೇಳಿದ.

ಹಾಸನದ ಮೆಕ್ಯಾನಿಕ್ ಗೌರೀಶಂಕರ ದಾರಿ ತೋರಿಸಿದ. ಹರಾಜಿಗೆ ಬಂದ ಮಿಲಿಟರಿ ಗಾಡಿಯಿಂದ ಬಿಚ್ಚಿದ, ಸಾರಿನ ಪಾತ್ರೆಯಷ್ಟು ದಪ್ಪದ ತಗಡಿನ ಡಬ್ಬಿಯೊಂದನ್ನು ಬ್ರೇಕಿಗೆ ಕೂಡಿಸಿ, ಅಲ್ಲಿಂದ ಇಂಜಿನ್ನಿಗೆ ರಬ್ಬರ್ ಪೈಪು ಎಳೆದ. ಇಂಜಿನ್ನು ಗಾಳಿ ಹೀರುವ ಬಲವೂ ಕಾಲಿನ ಜೊತೆಗೂಡುತ್ತದಂತೆ. ಪರೀಕ್ಷೆಯೂ ಆಯಿತು. ಇಂಜಿನ್ ನಿಲ್ಲಿಸಿ, ಪೆಡಲ್ಲು ಗಟ್ಟಿಯಾಗುವ ತನಕ ತುಳಿದು, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿದರೆ ಪೆಡಲ್ಲು ತಾನಾಗಿ ಮೆತ್ತಗೆ ಕೆಳಗಿಳಿಯಿತು. ಬೋರಪ್ಪನ ಕಣ್ಣಲ್ಲಿ ನೀರೇ ಬಂತು.

“ಒಂದು ಮಾತು ಮರೀಬ್ಯಾಡ,” ಅಂದ ಗೌರೀಶಂಕರ. “ಇಂಜಿನ್ ಆಫಾದ್ರೆ ಒಂದ್ಸಲ, ಎರಡ್ಸಲ ಹಿಡೀತದೆ. ಆಮೇಲೆ ಪೆಡಲ್ಲು ಕಲ್ಲು.”

ಪೇಚಿಗೆ ಬಂದದ್ದು ಇಲ್ಲೇ. ಇಳಿಜಾರು ಸಿಕ್ಕಿದರೆ ಇಂಜಿನ್ ಆರಿಸಿ, ನ್ಯೂಟ್ರಲ್ಲಿನಲ್ಲಿ ಗಾಡಿ ಬಿಡಬೇಕೆಂಬುದು ಸಾಹುಕಾರರ ಕಟ್ಟಪ್ಪಣೆ, ಪೆಟ್ರೋಲ್ ಉಳಿಯಬೇಕಲ್ಲ! ಪೆಟ್ರೋಲ್ ಕುಡಿಯುವ ಬ್ರೇಕು ಯಾರಿಗೆ ಬೇಕು ಅಂತ ಅವರು ಡಬ್ಬಿ ಕಿತ್ತೆಸೆದರೆ? ಬೋರಪ್ಪ ಮೆಕ್ಯಾನಿಕ್ಕನ ಮಾತನ್ನು ನುಂಗಿಕೊಂಡ. ಎಂಥ ಪೆದ್ದ!

ಬ್ರೇಕು ನೋಡಲೆಂದು ಸಾಹುಕಾರರೇ ಮುಂದಿನ ಸೀಟಿನಲ್ಲಿ ಕೂತು ಶ್ರವಣಬೆಳಗೊಳದ ಕಡೆ ಹೊರಟರು. ದಾರಿಯಲ್ಲಿ ಹಸು ಕಂಡರೂ ಬೋರಪ್ಪ ನಿಲ್ಲಿಸಿದ, ಹಸು ಇಲ್ಲದಿದ್ದರೂ ನಿಲ್ಲಿಸಿ ತೋರಿಸಿದ. ಸಾಹುಕಾರರು ತಲೆದೂಗಿದರು. ಜಿನನಾಥಪುರದ ಹತ್ತಿರ ಇಳಿಜಾರು ಬಂತು. ಬೋರಪ್ಪ ಗೇರನ್ನು ನ್ಯೂಟ್ರಲ್ಲಿಗೆ ತಂದ, ಇಂಜಿನ್ ಮಾತ್ರ ಆರಿಸಲಿಲ್ಲ.

“ಯಾಕ್ಲಾ, ಮರೆತ್ಯಾ?” ಎಂದು ಸಾಹುಕಾರರೇ ಕೈಚಾಚಿ ಕೀಲಿ ತಿರುಗಿಸಿಬಿಟ್ಟರು.

ಕೆಳಗೆ ರಸ್ತೆ ತುಂಬ ಕುರಿಮಂದೆ. ಬೋರಪ್ಪ ತುಳಿದ, ಹಿಡಿಯಿತು. ಬಿಟ್ಟು ಮತ್ತೆ ತುಳಿದ, ಅರೆಬರೆ. ಇನ್ನೊಮ್ಮೆ ತುಳಿದರೆ ಕಲ್ಲು. ಮೊಣಕಾಲಿನಲ್ಲಿ ಪ್ರಾಣ ಹೋಗುವಷ್ಟು ನೋವು. ಸಾಹುಕಾರರು ‘ಶಿವಶಿವಾ’ ಎಂದು ಕಣ್ಣು ಮುಚ್ಚಿದರು. ಬೋರಪ್ಪ ಕೀಲಿ ತಿರುಗಿಸಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಗಾಡಿ ಮುಗ್ಗರಿಸಿತು, ಇಂಜಿನ್ ಹತ್ತಿಕೊಂಡಿತು, ಪೆಡಲ್ಲು ಮೆತ್ತಗಾಯಿತು. ಕೊನೆಯ ಕುರಿಯ ಬಾಲಕ್ಕೆ ಗೇಣು ದೂರದಲ್ಲಿ ಕಾರು ನಿಂತಿತು.

“ತೆಪ್ಪು ನಂದೇ ಸಾವ್ಕಾರ್ರೇ,” ಅಂದ ಬೋರಪ್ಪ. “ಇಂಜಿನ್ ಆಫಾದ್ರೆ ಬ್ರೇಕ್ ಇಡಿಯಾಕಿಲ್ಲ ಅಂತ ಮೆಕ್ಯಾನಿಕ್ ಅಂದಿದ್ದ. ನಿಮ್ಗೆ ಏಳಿದ್ರೆ ಕೆಲ್ಸ ಓಯ್ತದೆ ಅಂತ ಬಾಯಿ ಮುಚ್ಕೊಂಡಿದ್ದೆ.”

ಪಂಚಾಕ್ಷರಯ್ಯ ಕಣ್ಣು ಬಿಟ್ಟು ಕುರಿಗಳತ್ತ ನೋಡಿದರು. “ನನ್ನ ಕಾಲು ಇನ್ನೂ ನಡುಗ್ತಾ ಅದೆ ಕಣ್ಲಾ. ನಿನ್ನ ಕಾಲು ಎಲ್ಲಿ ಅದೆ?”

“ಬ್ರೇಕ್ ಮ್ಯಾಲೇ ಅದೆ.”

“ಅಲ್ಲೇ ಇರ್ಲಿ. ಬೇರೆ ಡ್ರೈವರ್ನ ನಾನು ನೋಡಾಕಿಲ್ಲ,” ಎಂದವರೇ ಕೆಳಗಿಳಿದು, ಹಿಂದಿನ ಬಾಗಿಲು ತೆಗೆದು, ಕೀಲಿ ಕೈಗೆಟುಕದ ಮೂಲೆಯಲ್ಲಿ ಹೋಗಿ ಕೂತರು.